ಟ್ರಂಕಿನ ಕೀಲಿಕೈ ಮತ್ತು ಅನುಮಾನದ ತೂಕ

ಮಧು, ಪಲ್ಲವಿ, ಸುಳ್ಳು ಹೇಳಬೇಡಿ ಎಂದು ನಿಮಗೆ ದಿನಾ ಹೇಳುವವಳು ನಿಮ್ಮ ಅಜ್ಜಿಯಾದ ನಾನೇ. ಅನುಭವದ ಮೇಲೆ ಹೇಳುತ್ತೇನೆ. ನನಗೆ ಸುಳ್ಳು ಹೇಳಲು ಬರುತ್ತದೆ, ದಕ್ಕಿಸಿಕೊಳ್ಳಲು ಬರುವುದಿಲ್ಲ.

ತಂಬ್ರಹಳ್ಳಿಯ ನಮ್ಮ ಮನೆಗೆ ಇನ್ನೂ ಫೋನು ಬಾರದ ಕಾಲ. ನಿಮ್ಮ ಅವ್ವ ನಾಗವೇಣಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದಳು. ಅಂದು ಹಗರಿಬೊಮ್ಮನಹಳ್ಳಿಯ ಕಾಲೇಜೊಂದರಲ್ಲಿ ಅವಳಿಗೆ ಉಪನ್ಯಾಸಕಿ ಕೆಲಸದ ಸಂದರ್ಶನ. ಹತ್ತರ ಬಸ್ಸು ತಪ್ಪಿದರೆ ಕೆಲಸವೂ ತಪ್ಪಿದಂತೆ. ಅಂಕಪಟ್ಟಿ ನನ್ನ ಟ್ರಂಕಿನಲ್ಲಿತ್ತು. ಅದರ ಮೇಲೆಯೇ ನಾನು ಕದ್ದು ಬರೆಯುತ್ತಿದ್ದ ಕಥೆಯ ಹಾಳೆಗಳು. ಏಳನೇ ತರಗತಿ ಓದಿದ ವಿಧವೆ ಕಥೆ ಬರೆಯುತ್ತಾಳೆಂದು ಎಂ.ಎಸ್ಸಿ. ಮಗಳಿಗೆ ತಿಳಿದರೆ ಮುಖ ಎಲ್ಲಿಟ್ಟುಕೊಳ್ಳಲಿ? ಅವಳು ಜಡೆ ಹಾಕಿಕೊಳ್ಳಲು ಹೋದಾಗ ನಾನೇ ಅಂಕಪಟ್ಟಿ ತೆಗೆದುಕೊಟ್ಟರಾಯಿತೆಂದು, "ಕೀಲಿಕೈ ಕಾಣವಲ್ದು" ಎಂದೆ. ಅವಳು ಜಡೆ ಬಿಟ್ಟು ಹುಡುಕಲು ನಿಂತಳು!

"ಗ್ವಾಡಿ ಮಾಡದಾಗ ನೋಡು. ಬೀಸುಕಲ್ಲ ಬುಡಕ ನೋಡು" ಎಂದೆಲ್ಲ ದಾರಿ ತಪ್ಪಿಸಿದೆ. ಮೂರು ಕೀಲಿಕೈ ಸಿಕ್ಕವು. ಒಂದೂ ಟ್ರಂಕಿಗೆ ಕೂಡಲಿಲ್ಲ. ಅವಳು ನೆಲಕ್ಕೆ ಕುಳಿತು ನಕ್ಕಳು.

"ಯವ್ವಾ, ಕ್ವಾಂಟಮ್ ಹುಡುಕಾಟ ಅಂತ ಒಂದೈತಿ. ಒಂದೊಂದ ಗೂಡು ತಡಕಂಗಿಲ್ಲ, ಎಲ್ಲಾ ಗೂಡಿಗೂ ಒಮ್ಮಿಗೇ ಕೈ ಹಾಕಿದಂಗ. ಕೀಲಿಕೈ ನಾಕಿದ್ರ ನಾಕಕ್ಕೂ ಸಮ ತೂಕ, ಯಾವ್ದರ ಒಂದು ಕೈಗೆ ಬರ್ತೈತಿ. ತೂಕ ಹೆಚ್ಚು ಕಮ್ಮಿ ಮಾಡಿದ್ರ ಬೇಕಾದ್ದ ಬರೋದು ಜಾಸ್ತಿ."

ತೂಕ ಎಂದೊಡನೆ ನನಗೆ ಜೀವ ಬಂತು. "ಹಂಗಾರ ಆ ಜ್ವಾಳದ ಚೀಲ ನೋಡವ್ವ. ಮನ್ಯಾಗ ಅದ ಭಾಳ ತೂಕ" ಎಂದೆ.

"ಆ ತೂಕ ಅಲ್ಲ ಬೇ! ಅನುಮಾನದ ತೂಕ. ನೀ ಬಾಯಿಲೆ ಹೇಳಿದ ಜಾಗಕ್ಕೆಲ್ಲ ಕಮ್ಮಿ, ಹೇಳದ ಜಾಗಕ್ಕ ಜಾಸ್ತಿ." ಅವಳು ನನ್ನ ಬಾಯನ್ನೇ ನೋಡಿದಳು. "ಹೌದು, ಮುಂಜಾನಿಂದ ಎಲಿಅಡಕಿ ಹಾಕ್ಕಂಡಿಲ್ಲಲ್ಲ ನೀ? ಸಂಚಿ ಯಾಕ ಬಿಚ್ಚವಲ್ಲಿ?"

ಸೊಂಟದ ಸಂಚಿಯಿಂದ ಕೀಲಿಕೈ ಸುಣ್ಣ ಮೆತ್ತಿಕೊಂಡು ಹೊರಬಂತು. ಟ್ರಂಕು ತೆರೆಯಿತು. ನಿಮ್ಮ ಅವ್ವ ಅಂಕಪಟ್ಟಿ ಬಿಟ್ಟು, ನಿಂತಲ್ಲೇ ನನ್ನ ಹಾಳೆ ಓದತೊಡಗಿದಳು. ಹೊರಗೆ ಬಸ್ಸಿನ ಹಾರನ್ನು.

"ನಾಗಿ, ಬಸ್ಸು ಬಂತಲೇ!"

"ತಡಿ ಬೇ. ಈ ಕತಿಯಾಗಿನ ಮುದುಕಿ ಸಾಯ್ತಾಳೋ ಉಳಿತಾಳೋ?"

"ನೀ ಕೆಲಸ ತಗಂಡು ಬಾ, ಉಳಿಸ್ತೀನಿ!"

ಜಡೆಯಿಲ್ಲದೆ ಓಡಿದಳು. ಕೆಲಸ ಸಿಕ್ಕಿತು. ಕೊಟ್ಟ ಮಾತಿಗೆ ಮುದುಕಿಯನ್ನು ಉಳಿಸಬೇಕಾಗಿ ಬಂದು ನನ್ನ ಕಥೆ ಕೆಟ್ಟಿತು.

ಆ ಕಥೆಯ ಹಾಳೆಗಳನ್ನೂ ಈ ಬರಹದ ಜೊತೆಗಿಟ್ಟಿದ್ದೇನೆ ಮಕ್ಕಳೇ, ಜೋಪಾನವಾಗಿಡಿ. ಎಲ್ಲಿಟ್ಟಿರೆಂದು ನನಗೆ ಮಾತ್ರ ಹೇಳಬೇಡಿ. ಯಾರಾದರೂ ಕೇಳಿದರೆ, ಬಚ್ಚಿಡಲು ಮತ್ತೆ ಎಲೆಅಡಿಕೆ ಬಿಡುವ ಶಕ್ತಿ ಈಗ ನನಗಿಲ್ಲ.