ತಾರಸಿಯ ಬಿಸಿಲಿಗೆ ಇಬ್ಬರು ಹಕ್ಕುದಾರರು

ಗೊತ್ತಿರುವುದನ್ನು ಯಾರಿಗೂ ಹೇಳದೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದ ಮೇಲೂ ಎದುರಿಗೆ ಯಾರಾದರೂ ಕೂತರೆ ನಾಲಿಗೆ ತಾನಾಗಿ ಪಾಠಕ್ಕೆ ಇಳಿಯುತ್ತದೆ. ಈಚೆಗೆ ಆ ಪಾಠ ಗ್ರೀನ್ ಹೈಡ್ರೋಜನ್ನಿನದು. ಹಾಲಿನವನು ಕೇಳಿದ್ದಾನೆ, ಎದುರುಮನೆಯವರು ಕೇಳಿದ್ದಾರೆ. ಈಗ ಇಬ್ಬರೂ ನನ್ನನ್ನು ಕಂಡರೆ ಬಹಳ ಅವಸರದಲ್ಲಿರುತ್ತಾರೆ.

ವಿಷಯ ಸರಳ. ನಮ್ಮ ಯಾದವಗಿರಿ ಮನೆಯ ಅರ್ಧ ತಾರಸಿಯಲ್ಲಿ ಸೋಲಾರ್ ಫಲಕಗಳಿವೆ. ಮಧ್ಯಾಹ್ನ ಬೇಡವೆಂದರೂ ಕರೆಂಟು ಹುಟ್ಟುತ್ತದೆ. ದೀಪ ಬೇಕಾದ ಹೊತ್ತಿಗೆ ಸೂರ್ಯನೇ ಇರುವುದಿಲ್ಲ. ಹೆಚ್ಚಾದ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ತುಂಬಿಟ್ಟರೆ, ಮಳೆಗಾಲದಲ್ಲೂ ಅದರಿಂದ ಮತ್ತೆ ಕರೆಂಟು ಮಾಡಬಹುದು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ, ದೊಡ್ಡ ಕಾರ್ಖಾನೆಗಳದ್ದು. ಆದರೂ ಆ ಕಾಲ ಬಂದಾಗ ನಮ್ಮ ತಾರಸಿ ಸಿದ್ಧವಾಗಿರಲಿ ಎಂದು ಉಳಿದರ್ಧಕ್ಕೂ ಫಲಕ ಹಾಕಿಸಲು ಹೊರಟೆ. ಅಲ್ಲಿ ನನ್ನ ಹೆಂಡತಿ ಶಾರದೆ ಸಂಡಿಗೆ ಇಟ್ಟಿದ್ದಳು.

"ಆ ಜಾಗಾನೂ ಕಿತ್ಕೊಂಡ್ರೆ ಸಂಡಿಗೆ ನಿಮ್ಮ ತಲೆ ಮೇಲೆ ಒಣಗಿಸ್ಲಾ?" ಎಂದಳು. ನನ್ನ ತಲೆ ಬೋಳಾದ್ದರಿಂದ ಆ ಸಲಹೆಯನ್ನು ಪೂರ್ತಿ ತಳ್ಳಿಹಾಕುವಂತಿರಲಿಲ್ಲ.

ಭಾನುವಾರ ಸಂಜೆ ಬನ್ನಿಮಂಟಪದಿಂದ ಅವಳ ಅಣ್ಣ ಬಂದರು. ತೀರ್ಪು ಅವರದೇ ಎಂದು ಇಬ್ಬರೂ ಒಪ್ಪಿದೆವು. ಭಾವ ಎಂಜಿನಿಯರಾಗಿದ್ದವರು, ಗೆಲುವು ನನ್ನದೇ ಎಂದು ಧೈರ್ಯವಾಗಿ ಶುರುಮಾಡಿದೆ. ನೀರನ್ನು ಒಡೆಯುವ ಘಟ್ಟಕ್ಕೆ ಬಂದಿದ್ದೆ, ಗುಡುಗಿ ಕರೆಂಟು ಹೋಯಿತು.

"ನಿಮ್ಮ ಸೋಲಾರ್ ಇದೆಯಲ್ರೀ?" ಎಂದರು ಭಾವ.

"ಸಂಜೆಗೆ ಇರಲ್ಲ. ಅದಕ್ಕೇ ಕೂಡಿಡಬೇಕು ಅಂತಿರೋದು," ಎಂದೆ. ಕತ್ತಲೆಯೇ ನನ್ನ ಪರ ಸಾಕ್ಷಿ ಹೇಳುತ್ತಿದೆ ಎನ್ನಿಸಿ ನಿಜಕ್ಕೂ ಖುಷಿಯಾಯಿತು.

"ಕೂಡಿಟ್ಟಿದ್ದೆಲ್ಲಾ ವಾಪಸ್ ಬರುತ್ತಾ?"

"ದಾರೀಲಿ ಸಾಕಷ್ಟು ನಷ್ಟ ಆಗುತ್ತೆ," ಎಂದು ಒಪ್ಪಿಕೊಂಡೆ. ವಿಜ್ಞಾನದಲ್ಲಿ ಸುಳ್ಳು ಹೇಳಬಾರದು.

ಅಷ್ಟರಲ್ಲಿ ಶಾರದೆ ಮೇಣದಬತ್ತಿಯ ಜೊತೆ ಹೋದ ಬೇಸಿಗೆಯ ಸಂಡಿಗೆಯನ್ನು ಬಿಸಿಬಿಸಿಯಾಗಿ ಕರಿದು ತಂದಳು. "ನಂದೂ ಒಣಗಿದಾಗ ಕುಗ್ಗುತ್ತೆ ಕಣಣ್ಣಾ. ಆದ್ರೆ ಎಣ್ಣೆಗೆ ಬಿದ್ರೆ ಅರಳುತ್ತೆ. ಇವರದ್ದು ಅರಳುತ್ತಾ ಕೇಳು," ಎಂದಳು.

ಭಾವ ಕೇಳಲಿಲ್ಲ. ಬಾಯಿ ತುಂಬಿತ್ತು. ಖಾಲಿ ತಟ್ಟೆಯನ್ನು ಮತ್ತೆ ತಂಗಿಯ ಕಡೆ ಚಾಚಿದರು, ತೀರ್ಪು ಅಷ್ಟೇ.

ಹೈಡ್ರೋಜನ್ ಕಾಲ ಬಂದೇ ಬರುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅಲ್ಲಿಯವರೆಗೆ ಬಿಸಿಲು ಕೂಡಿಡುವ ಕೆಲಸದಲ್ಲಿ ನನಗೂ ಒಂದು ಹುದ್ದೆ ಸಿಕ್ಕಿದೆ: ಛತ್ರಿ ಹಿಡಿದು ತಾರಸಿಯಲ್ಲಿ ಕೂತು ಸಂಡಿಗೆ ಕಾಯುವುದು. ಮೊದಮೊದಲು ಕಾಗೆಗಳು ಬಹಳ ಕಾಟ ಕೊಡುತ್ತಿದ್ದವು. ಅವಕ್ಕೂ ಪಾಠ ಶುರುಮಾಡಿದ ಮೇಲೆ ಒಂದೂ ಹತ್ತಿರ ಸುಳಿದಿಲ್ಲ.