ನಾಟಿ ಸಾಲಿನಲ್ಲಿ ಸಿಗದೇ ಹೋದ ವಿದೇಶಿ ಮಹಿಳೆಯ ಕುರಿತು

ಇವರಿಗೆ,
ವಿದೇಶಿಯರಿಗೆ ವಾಸ ಪರವಾನಗಿ ನೀಡುವ ಘನ ಅಧಿಕಾರಿಗಳು

ಮಾನ್ಯರೇ,

ತಾವೂ, ತಮ್ಮ ಕುರ್ಚಿಯೂ, ಕುರ್ಚಿಯ ಬೆನ್ನಿಗೆ ಹೊದಿಸಿದ ಬಿಳಿ ಟವೆಲ್ಲೂ, ತಮ್ಮ ಪೋರ್ಟಲ್ಲೂ ಸೌಖ್ಯವೆಂದು ನಂಬಿ, ಕೆ.ಆರ್. ನಗರ ತಾಲ್ಲೂಕು ಹೊಸ ಅಗ್ರಹಾರದ ನಿವೃತ್ತ ಶಾಲಾ ಶಿಕ್ಷಕಿ ಸುನಂದಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮಂಡಿನೋವಿನ ಕಾರಣ ಎಂಟು ಅಂಗಗಳಲ್ಲಿ ಆರು ಮಾತ್ರ ಈಗ ಸಲ್ಲುತ್ತಿದ್ದು, ಉಳಿದೆರಡನ್ನು ಮುಂದಿನ ಅರ್ಜಿಯೊಂದಿಗೆ ಲಗತ್ತಿಸಲಾಗುವುದು.

ನನ್ನ ಮಗ ಮಹೇಂದ್ರ ರೇಷ್ಮೆ ನೂಲು ತೆಗೆಯುವ ಯಂತ್ರಗಳ ಮೆಕ್ಯಾನಿಕ್. ಏಳು ವರ್ಷದ ಹಿಂದೆ ಯಂತ್ರ ಕೂರಿಸಲೆಂದು ವಿಯೆಟ್ನಾಮಿಗೆ ಹೋದವನು ಅಲ್ಲಿನ ಹುಡುಗಿಯನ್ನು ಮದುವೆಯಾಗಿ ಬಂದ. ಅವಳ ಹೆಸರು ಹ್ವಾ. ಅವರ ಭಾಷೆಯಲ್ಲಿ ಹೂವು ಎಂದರ್ಥವಂತೆ. ಅರ್ಥ ತಿಳಿದ ಮರುದಿನವೇ ಊರು ಅವಳನ್ನು ಹೂವಮ್ಮ ಎಂದು ಕರೆಯಿತು, ಮೂರನೆಯ ದಿನ ಹಕಾರವನ್ನೂ ಉದುರಿಸಿ ಊವಮ್ಮ ಮಾಡಿಕೊಂಡಿತು. ಈ ಕೆಲಸವನ್ನು ಊರು ಮೂರೇ ದಿನದಲ್ಲಿ ಮುಗಿಸಿದ್ದು ತಮ್ಮ ಇಲಾಖೆಯ ಎದುರು ನಾಚಿಕೆಪಡಬೇಕಾದ ಆತುರವೇ ಸರಿ.

ಈ ವರ್ಷ ಅವಳ ಪರವಾನಗಿ ಮುಗಿಯುವುದಕ್ಕೆ ಎರಡು ತಿಂಗಳು ಮುಂಚೆಯೇ ನವೀಕರಣಕ್ಕೆ ಅರ್ಜಿ ಹಾಕಿದೆವು. ಅವಳು ನಿಜಕ್ಕೂ ಇಲ್ಲಿ ವಾಸವಿದ್ದಾಳೆಯೇ ಎಂದು ಖುದ್ದು ನೋಡಿ ಬರಲು ಪೇದೆ ಬೆಟ್ಟಸ್ವಾಮಿಯವರನ್ನು ಕಳಿಸಿದಿರಿ. ಆ ದಿನ ನಾನು ಸಾಲಿಗ್ರಾಮಕ್ಕೆ ನಾಮಕರಣಕ್ಕೆ ಹೋಗಿದ್ದೆ, ಮಹೇಂದ್ರ ಕೆಲಸಕ್ಕೆ ಹೋಗಿದ್ದ, ಬಾಗಿಲಿಗೆ ಬೀಗವಿತ್ತು. ಮನೆಯವರೆಲ್ಲ ಗದ್ದೆಯಲ್ಲಿರಬಹುದೆಂದು ಯಾರೋ ಹೇಳಿದ್ದಕ್ಕೆ, ಬೂಟು ಕೈಯಲ್ಲಿ ಹಿಡಿದು ಬದುವಿನ ಮೇಲೆ ನಡೆದು ಬಂದ ಆ ಕರ್ತವ್ಯನಿಷ್ಠರನ್ನು ನಾನು ಎಂದಿಗೂ ದೂರುವುದಿಲ್ಲ. ಗದ್ದೆಯಲ್ಲಿ ಒಂಬತ್ತು ಹೆಂಗಸರು ನಾಟಿ ಹಾಕುತ್ತಿದ್ದರು: ಎಲ್ಲರ ಮೈಮೇಲೆ ಗಂಡಸರ ಹಳೇ ಶರ್ಟು, ತಲೆಗೆ ಟವೆಲ್ಲು, ಮೊಣಕಾಲಿನವರೆಗೆ ಕೆಸರು. ಪೇದೆಯವರು ಕಾಗದ ನೋಡಿಕೊಂಡು, "ಇಲ್ಲಿ ನುಗುಯೆನ್ ತಿಹೋವ ಅಂತ ಫಾರಿನ್ ಎಂಗಸು ಯಾರವ್ವ?" ಎಂದು ಕೂಗಿದರಂತೆ. ಸಾಲಿನ ಮುಂದಿದ್ದ ಸುಕನ್ಯ, "ಫಾರಿನ್ನೋರು ಯಾರೂ ಇಲ್ಲ ಕಣಣ್ಣ, ಎಲ್ಲಾ ನಮ್ಮೋರೇಯ" ಎಂದಳು. ಅನುಮಾನ ಬೇಡವೆಂದು ಬೆಟ್ಟಸ್ವಾಮಿಯವರು, ಎಲ್ಲರಿಗಿಂತ ನೇರವಾಗಿ ಸಾಲು ಹಿಡಿದಿದ್ದ ಹೆಂಗಸನ್ನು ಮತ್ತೊಮ್ಮೆ ಕೇಳಿದರು. ಅವಳು ಸೊಂಟ ಎತ್ತದೆಯೇ, "ಆ ಎಸ್ರಿನೋರ್ನ ನಾ ಕೇಳೇ ಇಲ್ಲ ಕಣಣ್ಣ" ಎಂದಳು. ಅವಳೇ ನನ್ನ ಸೊಸೆ; ಪೇದೆಯವರ ಬಾಯಲ್ಲಿ ತನ್ನದೇ ಪೂರ್ತಿ ಹೆಸರು ಅವಳಿಗೆ ಗುರುತು ಸಿಗಲಿಲ್ಲ. ಸಂಜೆ ಮನೆಯಲ್ಲಿ, ಯಾರನ್ನೋ ಪೊಲೀಸರು ಹುಡುಕುತ್ತಿದ್ದಾರೆ ಪಾಪ, ಎಂದು ಅವಳೇ ನನಗೆ ವರದಿ ಕೊಟ್ಟಳು.

'ಸದರಿ ವಿಳಾಸದಲ್ಲಿ ಯಾವುದೇ ವಿದೇಶಿ ವ್ಯಕ್ತಿ ವಾಸವಿರುವುದಿಲ್ಲ' ಎಂಬ ಒಂದು ಸಾಲಿನ ವರದಿ ತಮ್ಮನ್ನು ತಲುಪಿತು. ಏಳು ವರ್ಷದಲ್ಲಿ ನನ್ನ ಸೊಸೆಗೆ ಯಾರೂ ಬರೆದುಕೊಡದ ಪ್ರಶಂಸಾಪತ್ರವದು. ಅದನ್ನೇ ಆಧಾರವಾಗಿಟ್ಟುಕೊಂಡು ತಾವು ಅರ್ಜಿಯನ್ನು ತಿರಸ್ಕರಿಸಿದಿರಿ. ಅಷ್ಟರಲ್ಲಿ ಹಳೇ ಪರವಾನಗಿಯೂ ಮುಗಿದಿತ್ತು.

ಅದಾಗಿ ವಾರಕ್ಕೆ ಅವಳ ತಾಯಿಗೆ ಲಕ್ವ ಹೊಡೆಯಿತೆಂದು ಫೋನು ಬಂತು. ಹೊರಡಲು ನಿಂತವಳಿಗೆ ತಮ್ಮ ಪೋರ್ಟಲ್ ತಿಳಿಸಿದ್ದೇನೆಂದರೆ, ಪರವಾನಗಿ ಮುಗಿದವರು ದೇಶ ಬಿಡಲು ನಿರ್ಗಮನ ಅನುಮತಿ ಬೇಕು, ಆ ಅನುಮತಿಯನ್ನು ವಾಸ ದೃಢಪಟ್ಟವರಿಗೆ ಮಾತ್ರ ಕೊಡಲಾಗುತ್ತದೆ. ಅಂದರೆ ಇಲ್ಲಿ ಇಲ್ಲದವಳು ಇಲ್ಲಿಂದ ಹೋಗುವಂತಿಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ನನಗೆ ಈ ಸಮೀಕರಣದ ಮುಂದೆ ಸೀಮೆಸುಣ್ಣ ಕೈಯಿಂದ ಜಾರಿತು.

ಕೊನೆಗೆ ನಾಟಿ ಸಾಲಿನ ಒಂಬತ್ತೂ ಜನರನ್ನು ಟೆಂಪೋದಲ್ಲಿ ಕೂರಿಸಿಕೊಂಡು ತಮ್ಮ ಕಚೇರಿಗೆ ಬಂದೆ. ಮೂರನೇ ಕೌಂಟರಿನ ಗುಮಾಸ್ತರು ಬಹಳ ಮರ್ಯಾದಸ್ಥರು; "ಈ ಎಂಗಸು ವಿದೇಶಿ, ನಿಮ್ಮೂರಲ್ಲೇ ಅವ್ರೆ ಅಂತ ಎಲ್ರೂ ಬರ್ದು ಸೈನ್ ಆಕ್ಕೊಡಿ, ಸಾಕು" ಎಂದರು. ಸುಕನ್ಯ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು. "ಅಂಗ್ಯಾಕೆ ಬರ್ಯನ? ನನ್ ಬಾಣಂತನದಲ್ಲಿ ನೀರು ಕಾಯ್ಸಿ ಉಯ್ದೋಳು ಇವ್ಳು. ಬ್ಯಾರೆಯೋಳು ಅಂತ ನಾನೇ ಏಳ್ಬೇಕಾ?" ಆಗ ಹೂವಮ್ಮನೇ ಪೆನ್ನೆತ್ತಿ ಅವಳ ಕೈಗಿಟ್ಟು, "ಬರ್ಕೊಡಕ್ಕ. ನಮ್ಮವ್ವನ ಮಕ ನೋಡ್ಬೇಕು ಕಣಕ್ಕ" ಎಂದಳು.

ಹೂವಮ್ಮನನ್ನು ಬಿಟ್ಟು ಸಾಲಿನ ಎಂಟು ಜನ, ಜೊತೆಗೆ ನಾನು, ಒಟ್ಟು ಒಂಬತ್ತು ಜನ ಬರೆದುಕೊಟ್ಟೆವು; ಅವರಲ್ಲಿ ನಾಲ್ವರದು ಹೆಬ್ಬೆಟ್ಟು. ನಾನು ದುಂಡಗೆ ಬರೆಯುವವಳೆಂದು ಶಾಲೆಯಲ್ಲಿ ಹೆಸರಿತ್ತು; 'ನನ್ನ ಸೊಸೆ ವಿದೇಶಿ' ಎಂಬ ಆ ಸಾಲು ಮಾತ್ರ ಓರೆಯಾಗಿ ಹೋಯಿತು. ವಾಪಸು ಬರುವಾಗ ಟೆಂಪೋದಲ್ಲಿ ಅವಳ ಕಣ್ಣಿಗೆ ಕಣ್ಣು ಕೊಡಲು ನಮಗೆ ಯಾರಿಗೂ ಆಗಲಿಲ್ಲ. ಈ ಅನುಭವವನ್ನು ತಾವು ಯಾವ ಶುಲ್ಕವನ್ನೂ ಪಡೆಯದೆ ಒದಗಿಸಿದ್ದೀರಿ.

ಅಲ್ಲಿಂದ ಮುಂದೆ ಪೋರ್ಟಲ್ ಪ್ರತಿದಿನ ಬೆಳಿಗ್ಗೆ 'ಪರಿಶೀಲನೆಯಲ್ಲಿದೆ' ಎಂದು ಹೇಳಿತು. ಹತ್ತೊಂಬತ್ತನೆಯ ದಿನ ಅವಳ ತಾಯಿ ತೀರಿಕೊಂಡರು. ಮಹೇಂದ್ರನ ಫೋನನ್ನು ತೆಂಗಿನಮರಕ್ಕೆ ಒರಗಿಸಿಟ್ಟು, ಅಲ್ಲಿನ ಮಣ್ಣಿನ ಕಾರ್ಯವನ್ನು ಅವಳು ಇಲ್ಲಿ ನಿಂತು ನೋಡಿದಳು; ಹಿಂದೆ ಎಂಟು ಜನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಇಪ್ಪತ್ಮೂರನೆಯ ದಿನ ಅನುಮತಿಯೂ ಹೊಸ ಪರವಾನಗಿಯೂ ಒಟ್ಟಿಗೇ ಬಂದವು, ಜೊತೆಗೆ 'ಶುಭ ಪ್ರಯಾಣ' ಎಂಬ ಸಂದೇಶ.

ಆದ್ದರಿಂದ ನನ್ನ ವಿನಮ್ರ ಕೋರಿಕೆ ಏನೆಂದರೆ, ತಮ್ಮ ಪೋರ್ಟಲ್ಲನ್ನು ದಯವಿಟ್ಟು ಯಮಧರ್ಮನ ಕಚೇರಿಗೂ ಅಳವಡಿಸಿಕೊಡಿ. ವಾಸ ದೃಢೀಕರಣವಾಗುವವರೆಗೆ ಯಾರ ಪ್ರಾಣವನ್ನೂ ಒಯ್ಯುವಂತಿಲ್ಲವೆಂದಾದರೆ, ಎಲ್ಲರ ತಾಯಂದಿರೂ ಮಕ್ಕಳು ತಲುಪುವವರೆಗೆ 'ಪರಿಶೀಲನೆಯಲ್ಲಿ' ಬದುಕಿರುತ್ತಾರೆ.

ಹೂವಮ್ಮ ಈಗ ತವರಿನಲ್ಲಿದ್ದಾಳೆ. ಅವರ ಪದ್ಧತಿಯಂತೆ ನಲವತ್ತೊಂಬತ್ತನೆಯ ದಿನದ ಕಾರ್ಯ ಮುಗಿಸಿ ಬರುತ್ತಾಳೆ. ನಿನ್ನೆ ಫೋನಿನಲ್ಲಿ, "ಅತ್ತೆ, ಅವ್ವ ಇಲ್ದ ಮನೇಲಿ ಇರಕ್ಕಾಗ್ತಿಲ್ಲ. ಬಿರ್ನೆ ಊರಿಗ್ ಬತ್ತೀನಿ" ಎಂದಳು. ವಿಮಾನ ನಿಲ್ದಾಣದಲ್ಲಿ ತಮ್ಮವರು ಅವಳನ್ನು ಯಾವೂರು ಎಂದು ಕೇಳಿದರೆ ಅವಳು ಹೊಸ ಅಗ್ರಹಾರ ಎನ್ನುತ್ತಾಳೆ. ಅದನ್ನು ಸುಳ್ಳು ಮಾಹಿತಿಯೆಂದು ನಮೂದಿಸಬಾರದಾಗಿ ಬೇಡಿಕೊಳ್ಳುತ್ತೇನೆ.

ಇಂತಿ, ಇನ್ನೂ ಇದೇ ವಿಳಾಸದಲ್ಲಿ ವಾಸವಿರುವೆನೆಂದು ಸ್ವತಃ ನಂಬಿರುವ,
ತಮ್ಮ ವಿಶ್ವಾಸಿ,
ಸುನಂದಮ್ಮ

ಮರೆತ ಮಾತು: ಈ ಪತ್ರ ಮುಗಿಸುವಷ್ಟರಲ್ಲಿ ತಮ್ಮಿಂದ ಇನ್ನೊಂದು ನೋಟಿಸು ಬಂತು. ಅದರಲ್ಲಿ ವಿದೇಶಿಯ ಹೆಸರಿನ ಜಾಗದಲ್ಲಿ ನನ್ನ ಮಗ ಮಹೇಂದ್ರನ ಹೆಸರಿದ್ದು, ಹದಿನೈದು ದಿನದೊಳಗೆ ದಾಖಲೆ ಒದಗಿಸದಿದ್ದರೆ ದೇಶ ಬಿಡತಕ್ಕದ್ದೆಂದು ಆದೇಶಿಸಿದ್ದೀರಿ. ನನ್ನ ಆಕ್ಷೇಪಣೆ ಏನೂ ಇಲ್ಲ. ಆದರೆ ಅವನಿಗೂ ನಿರ್ಗಮನ ಅನುಮತಿ ಬೇಕಾಗುವುದರಿಂದ, ತಮ್ಮ ಕೃಪೆಯಲ್ಲಿ ಅವನು ಇಲ್ಲೇ ಮುದುಕನಾಗುತ್ತಾನೆಂಬ ಧೈರ್ಯ ನನಗಿದೆ.