ಅಣ್ಣಿಗೇರಿಯಿಂದ ಹೇಳದೆ ಹೋದ ಗೂಡ್ಸ್ ಡಬ್ಬಿಯವರಿಗೆ

ಮೊರಬ, ತಾಲೂಕು ನವಲಗುಂದ
೧೪ ಡಿಸೆಂಬರ್ ೧೯೮೫

ನಾಲ್ಕು ಗಾಲಿಗಳ ಮೇಲೆ ದೇಶ ಸುತ್ತಿದವರೂ, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಒಮ್ಮೆಯೂ ಸೀನದವರೂ, ಹುರಮಂಜಿನ ಕೆಂಪು ಬಣ್ಣದ ಮೈಯವರೂ ಆದ ಮಾನ್ಯ ಗೂಡ್ಸ್ ಡಬ್ಬಿಯವರ ಸನ್ನಿಧಿಗೆ ಮೊರಬದ ಬಸ್ ಕಂಡಕ್ಟರ್ ಮಡಿವಾಳೆಪ್ಪನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ಏನೂ ಕ್ಷೇಮವಿಲ್ಲ. ಅತ್ತ ತಾವು ಕ್ಷೇಮವಾಗಿಯೇ ಇರಬೇಕು, ಯಾಕೆಂದರೆ ಹೇಳದೆ ಕೇಳದೆ ಎದ್ದು ಹೋಗುವವರು ಎಲ್ಲಿದ್ದರೂ ಆರಾಮಾಗಿಯೇ ಇರುತ್ತಾರೆ.

ಮಾನ್ಯರೇ,

ತಮ್ಮ ಈಗಿನ ವಿಳಾಸ ನನಗೆ ತಿಳಿಯದು. ಸ್ಟೇಷನ್ನಿನಲ್ಲಿ ವಿಚಾರಿಸಿದರೆ, "ಗೂಡ್ಸ್ ಡಬ್ಬಿಗೆ ಎಲ್ಲೀ ಮನೀರೀ, ಇವತ್ತು ಗುಂತಕಲ್ಲಿನ್ಯಾಗ ಇದ್ರ ನಾಳೆ ಗೋವಾದಾಗ" ಎಂದು ನಕ್ಕುಬಿಟ್ಟರು. ಆದ್ದರಿಂದ ಈ ಪತ್ರದ ಹಲವು ಪ್ರತಿಗಳನ್ನು ಮಾಡಿ, ಹಮಾಲ ಅಮೋಘಸಿದ್ದಪ್ಪನ ಕೈಗೆ ಕೊಟ್ಟು, ಅಣ್ಣಿಗೇರಿ ದಾಟುವ ಪ್ರತಿಯೊಂದು ಮಾಲಗಾಡಿಗೂ ಒಂದೊಂದನ್ನು ಅಂಟಿಸುವ ವ್ಯವಸ್ಥೆ ಮಾಡುವವನಿದ್ದೇನೆ. ತಮ್ಮ ಬಂಧುಬಳಗದಲ್ಲಿ ಯಾರಾದರೊಬ್ಬರು ಯಾವುದೋ ಸ್ಟೇಷನ್ನಿನಲ್ಲಿ ತಮ್ಮ ಮಗ್ಗುಲಿಗೆ ಬಂದು ನಿಂತಾಗ ಇದು ತಮ್ಮ ಗಮನಕ್ಕೆ ಬರಬಹುದು. ನಡುವೆ ಮನುಷ್ಯರು ಓದಿದರೂ ನನ್ನದೇನೂ ಅಭ್ಯಂತರವಿಲ್ಲ. ನನ್ನ ಮರ್ಯಾದೆ ಊರೊಳಗೆ ಆಗಲೇ ಹೋಗಿದೆ, ಜಿಲ್ಲೆಯಲ್ಲಿ ಹೋಗುವುದಷ್ಟೇ ಬಾಕಿ.

ಎರಡು ವರ್ಷದ ಮೇಲಾಯಿತು, ಆದರೂ ತಾವು ಅಣ್ಣಿಗೇರಿಗೆ ದಯಮಾಡಿಸಿದ ದಿನ ನನಗೆ ನಿನ್ನೆ ಮೊನ್ನೆಯಂತೆ ನೆನಪಿದೆ. ಗಾಲಿಯ ಅಚ್ಚು ಕಾದು ಹೊಗೆ ಬಂದಿತೆಂದು ತಮ್ಮನ್ನು ಗಾಡಿಯಿಂದ ಬಿಡಿಸಿ, ಹತ್ತಿ ಗೋದಾಮಿನ ಗೋಡೆಗೆ ಹೊಂದಿಕೊಂಡ ಬಾಜೂ ಹಳಿಗೆ ದೂಡಿ, ರಿಪೇರಿ ಸಾಮಾನು ಬರುವವರೆಗೆ ಇಲ್ಲೇ ಇರಲಿ ಎಂದು ನಿಲ್ಲಿಸಿದ್ದರು. ಟ್ರ್ಯಾಕ್ಟರು ಬಿಟ್ಟರೆ ಬಸ್ಸು, ಬಸ್ಸು ಬಿಟ್ಟರೆ ಟ್ರ್ಯಾಕ್ಟರು ನೋಡಿ ಎರೆಹೊಲದ ನಡುವೆ ಬೆಳೆದ ನನ್ನಂಥವನಿಗೆ ರೈಲು ಎಂದರೆ ಏನೆಂಬುದು, ಹುಟ್ಟಿದಂದಿನಿಂದ ಹಳಿಯ ಮೇಲೇ ಇರುವ ತಮಗೆ ತಿಳಿಯಲಿಕ್ಕಿಲ್ಲ. ಓಡುವ ರೈಲನ್ನು ಎಲ್ಲರೂ ನೋಡುತ್ತಾರೆ, ಆದರೆ ಅದು ಯಾರಿಗೂ ಪೂರ್ತಿ ಕಾಣುವುದಿಲ್ಲ. ತಾವಾದರೋ ನಿಂತ ಡಬ್ಬಿ, ಅದೂ ನನ್ನ ಬಸ್ಸು ಅಣ್ಣಿಗೇರಿಯಲ್ಲಿ ತಿರುಗಿ ಹೊರಡುವ ತನಕದ ಮುಕ್ಕಾಲು ತಾಸು ಕೇವಲ ನನ್ನ ಸಲುವಾಗಿ ನಿಂತ ಡಬ್ಬಿ! ಉಳಿದ ಕಂಡಕ್ಟರರು ಆ ಹೊತ್ತಿನಲ್ಲಿ ಮಿರ್ಚಿ, ಗಿರಮಿಟ್ಟು ತಿಂದು ಚಹಾ ಕುಡಿಯುತ್ತಿದ್ದರು. ನಾನು ದರ್ಜಿಯ ಟೇಪು ಹಿಡಿದುಕೊಂಡು ತಮ್ಮ ಮುಂದೆ ನಿಲ್ಲುತ್ತಿದ್ದೆ. ರವಿವಾರ ಸೂಟಿ ಇದ್ದರೆ ಪ್ರಯಾಣಿಕನಾಗಿ ಬಂದು ನಿಲ್ಲುತ್ತಿದ್ದೆ.

ಹೀಗೆ ನಾನು ತಮ್ಮ ಪ್ರತಿರೂಪವನ್ನು ಮಾಡಲು ಕೈಹಾಕಿದೆ. ಬುದ್ಧಿವಂತರು ಮೊದಲು ಡಬ್ಬಿಯ ಅಳತೆ ಹಿಡಿದು ಆಮೇಲೆ ಅದಕ್ಕೊಪ್ಪುವಂತೆ ತಗಡು ಬಿಗಿಯುವ ರಿವೆಟ್ಟು ಮಾಡುತ್ತಾರೆ. ನಾನು ರಿವೆಟ್ಟಿನ ಅಳತೆಗೆ ಡಬ್ಬಿಯನ್ನು ಮಾಡಿದೆ. ಟಿಕೀಟಿಗೆ ಪಂಚ್ ಹೊಡೆದಾಗ ಉದುರುವ ಕಾಗದದ ಸಣ್ಣ ಚುಕ್ಕೆ ಇದೆಯಲ್ಲ, ಅದನ್ನು ಸರೇಸು ಹಚ್ಚಿ ತಗಡಿಗೆ ಕೂಡ್ರಿಸಿದರೆ ತಮ್ಮ ರಿವೆಟ್ಟಿನ ತಲೆಯೇ ಸರಿ. ಆ ಚುಕ್ಕೆಗೆ ತಕ್ಕಂತೆ ಲೆಕ್ಕ ಹಾಕಿದಾಗ ತಾವು ಒಂದೂವರೆ ಮೊಳ ಉದ್ದವಾದಿರಿ. ಎಣ್ಣೆ ಡಬ್ಬಿಯ ತಗಡಿನಿಂದ ಮೈಯಾಯಿತು, ಕೆಟ್ಟ ಕೊಡೆಯ ಕಡ್ಡಿಯಿಂದ ಅಚ್ಚಾಯಿತು, ನಿಂತುಹೋದ ಗಡಿಯಾರದ ಸ್ಪ್ರಿಂಗು ತುಂಡಾಗಿ ಗಾಲಿಯ ಮೇಲಿನ ಪಟ್ಟಿಗಳಾದವು, ಸೈಕಲ್ಲಿನ ವಾಲ್‌ಟ್ಯೂಬು ಬ್ರೇಕಿನ ಪೈಪಾಯಿತು, ಅಗಸಿ ಎಣ್ಣೆಯಲ್ಲಿ ಕಲಸಿದ ಹುರಮಂಜು ಬಣ್ಣವಾಯಿತು. ರಿವೆಟ್ಟಿನದ್ದೇ ದೊಡ್ಡ ಬರ. ಅದನ್ನು ನೀಗಿಸಲು ಟಿಕೀಟಿಗೆ ಒಂದು ತೂತು ಬೇಕಾದ ಕಡೆ ನಾಲ್ಕು ಹೊಡೆಯತೊಡಗಿದೆ. ಚೆಕಿಂಗಿಗೆ ಬಂದ ಸಾಹೇಬರು ಒಂದು ಟಿಕೀಟನ್ನು ಬೆಳಕಿಗೆ ಹಿಡಿದು, "ಏನ್ರೀ ಕಂಡಕ್ಟರ, ಇದು ಟಿಕೀಟೋ ಸಾಣಗಿಯೋ?" ಎಂದು ಕೇಳಿದರು. ತಿರ್ಲಾಪುರದ ಮುದುಕಿಯೊಬ್ಬಳು ಮಾತ್ರ ಕರುಣೆಯಿಂದ, "ನಮ್ಮೂರು ಭಾಳ ದೂರ ಐತೆಂತ ಜಾಸ್ತಿ ಹೊಡದೇನೋ ತಮ್ಮಾ?" ಎಂದಳು. ತಮ್ಮ ಸಲುವಾಗಿ ಇದನ್ನೆಲ್ಲ ನುಂಗಿಕೊಂಡೆ.

ತಮ್ಮ ಮೈಮೇಲಿನ ಒಂದು ಗೀರನ್ನೂ ನಾನು ಬಿಟ್ಟಿಲ್ಲ. ಬಾಗಿಲ ಕೆಳಗಿನ ತೇಪೆ, ಹಮಾಲರು ಸೀಮೆಸುಣ್ಣದಿಂದ ಎಳೆದು ಅರ್ಧ ಒರೆಸಿದ ಗೀಟುಗಳು, ಮೂಲೆಯಲ್ಲಿ ಗುಬ್ಬಿ ಕಟ್ಟಿ ಬಿಟ್ಟುಹೋದ ಗೂಡಿನ ಹುಲ್ಲು, ಎಲ್ಲವೂ ಬಂದವು. ಬಾಗಿಲ ಚಿಲಕದ ತುದಿಗೆ ತಮಗೊಂದು ಗುಂಡು ತಲೆಯ ಮೊಳೆ ಇತ್ತು. ಅದಕ್ಕೆ ಏನು ಹಚ್ಚುವುದೆಂದು ತಲೆ ಕೆಡಿಸಿಕೊಂಡಿದ್ದಾಗ, ರಿವೆಟ್ಟು ಕೂಡಿಡುವ ನನ್ನ ತಂಬಾಕಿನ ಡಬ್ಬಿಯ ತಳದಲ್ಲಿ, ಎಲ್ಲಿಂದ ಬಂತೋ ಏನೋ, ಮಂಕು ಹಿಡಿದ ಸಣ್ಣದೊಂದು ಗುಂಡು ಮೊಳೆ ಸಿಕ್ಕಿತು. ತಮ್ಮ ಚಿಲಕದ ಮರಿಯೇ ಅನ್ನುವಂತಿತ್ತು. ದೇವರೇ ಕೊಟ್ಟನೆಂದು ಕೈಮುಗಿದು, ಅದಕ್ಕೂ ಹುರಮಂಜು ಬಳಿದು ಕೂಡ್ರಿಸಿದೆ.

ಇಷ್ಟೆಲ್ಲ ತಮ್ಮ ಒಂದು ಬಾಜುವಿನ ಮಾತು. ಇನ್ನೊಂದು ಬಾಜು ಗೋದಾಮಿನ ಗೋಡೆಯ ಕಡೆಗಿತ್ತು, ಮತ್ತು ಗೋಡೆಗೂ ತಮಗೂ ನಡುವೆ ಜಾಲಿಕಂಟಿ ಬೆಳೆದು ಆಡು ನುಗ್ಗುವಷ್ಟೇ ಸಂದಿ ಉಳಿದಿತ್ತು. ಡ್ಯೂಟಿಯ ಕಾಕಿ ಪ್ಯಾಂಟು ಹರಿದುಕೊಂಡು ಬಸ್ಸಿನಲ್ಲಿ ನಿಲ್ಲುವುದು ಹೇಗೆ? ಮೊದಲು ಈ ಬಾಜು ಮುಗಿಯಲಿ, ಆ ಬಾಜು ಎಲ್ಲಿ ಹೋಗುತ್ತದೆ, ತಾವೇನು ಓಡಿಹೋಗುತ್ತೀರಾ ಎಂದುಕೊಂಡಿದ್ದೆ. ಓಡುವುದೇ ತಮ್ಮ ಕುಲಕಸುಬು ಎಂಬುದು ಮರೆತೇ ಹೋಗಿತ್ತು.

ದೀಪಾವಳಿ ಮುಗಿದ ವಾರ ಬಂದು ನೋಡಿದರೆ ಹಳಿ ಬರಿದು! ತಾವು ನಿಂತ ಜಾಗದಲ್ಲಿ ಎಣ್ಣೆಯ ಕಲೆ, ಆಡಿನ ಹಿಕ್ಕಿ, ಎದುರಿಗೆ ಬೋಳು ಗೋಡೆ. ಮಾನ್ಯರೇ, ಬೀಗರ ಮನೆಗೆ ಬಂದ ನೆಂಟರೂ ಹೊರಡುವಾಗ "ಬರ್ತೀವ್ರಿ" ಎನ್ನುತ್ತಾರೆ. ತಮ್ಮ ಘನತೆಗೆ ಅಷ್ಟೂ ಆಗಲಿಲ್ಲ. ತಮ್ಮ ನೆರಳಿನಲ್ಲಿ ದಿನಾಲು ಆಡು ಕಟ್ಟುತ್ತಿದ್ದ ಖಾದರಬಿಯನ್ನು, "ಬಾಯಿ, ಆ ಬಾಜು ಹೆಂಗಿತ್ತು?" ಎಂದು ಕೇಳಿದೆ. "ಅಯ್ಯ ನಮ್ಮಪ್ಪ, ನಾ ಆಡು ನೋಡ್ಲ್ಯೋ ಡಬ್ಬಿ ನೋಡ್ಲ್ಯೋ?" ಎಂದಳು. ಅಮೋಘಸಿದ್ದಪ್ಪನಂತೂ, "ಈ ಬಾಜು ಹೆಂಗೈತೋ ಆ ಬಾಜೂನೂ ಹಂಗ. ಎರಡು ಮಾರಿ ಇರಾಕ ಅದೇನು ಮನಶ್ಯಾ ಏನು?" ಎಂದು ಬೀಡಿ ಹಚ್ಚಿದ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕಾರ್ಖಾನೆಯಲ್ಲಿ ಹುಟ್ಟುವಾಗ ತಮ್ಮ ಎರಡೂ ಬಾಜು ಒಂದೇ ಇದ್ದಿರಬಹುದು. ಇಷ್ಟು ವರ್ಷ ದುಡಿದ ಮೇಲೆ ಯಾರ ಎರಡು ಬಾಜೂ ಒಂದೇ ಇರುವುದಿಲ್ಲ. ಹೀಗಾಗಿ ನಮ್ಮ ಮನೆಯ ಮಾಡದಲ್ಲಿ ತಮ್ಮ ಪ್ರತಿರೂಪವು ಗೋಡೆಗೆ ಬೆನ್ನು ಹಚ್ಚಿ ನಿಂತಿದೆ, ಹಿಂದೆ ಬರಿಯ ತಗಡು, ನಾಟಕದ ಪರದೆಯ ಹಾಗೆ.

ಇದರ ನಡುವೆ ನಮ್ಮ ಮನೆತನದ ಒಂದು ಸಣ್ಣ ಸಂಗತಿಯನ್ನೂ ತಮ್ಮ ಖಾತೆಗೆ ಹಾಕಬೇಕಾಗಿದೆ. ತಾವು ಹೋದ ದಿನ ನಾನು ರೊಟ್ಟಿ ಮುಟ್ಟದೆ ಗೋಡೆ ನೋಡುತ್ತ ಕುಳಿತಾಗ ನನ್ನ ಹೆಂಡತಿ ಮಹಾದೇವಕ್ಕ, "ಯಾರರ ಸತ್ತಾರೇನ್ರಿ? ಸತ್ತಿದ್ರ ಹೇಳ್ರಿ, ನಾನೂ ಕುಂತು ಅಳ್ತೀನಿ" ಎಂದಳು. ಆಮೇಲಿನ ದಿನಗಳಲ್ಲಿ ಆಕೆ ಇನ್ನೂ ಏನೇನೋ ಹೇಳಿದಳು, ನಾನು "ಹೂಂ" ಎಂದೆ. ಅದರಲ್ಲಿ ಒಂದು, ತವರುಮನೆ ಮಿಶ್ರಿಕೋಟಿಗೆ ಹೋಗುತ್ತೇನೆ ಎಂಬುದಾಗಿತ್ತಂತೆ. ಹೋದಳು. ಹೇಗೆ ಹೋದಳೆಂಬುದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ತಾವು ಮಾಡಿದ್ದನ್ನು ತಾವು ತಿಳಿಯಬೇಕು. ಅಂದು ಸಂತೆ, ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನರ ಸಂದಿಯಿಂದ ಬಳೆ ತೊಟ್ಟ ಕೈಯೊಂದು ಮುಂದೆ ಬಂದು "ನವಲಗುಂದ ಒಂದು" ಎಂದಿತು. ತಮ್ಮ ಆ ಬಾಜುವಿಗೂ ರಿವೆಟ್ಟು ಬೇಕಲ್ಲ ಎಂದು ಲೆಕ್ಕ ಹಾಕುತ್ತಲೇ ನಾನು ಟಿಕೀಟು ಹರಿದು, ನಾಲ್ಕು ತೂತು ಹೊಡೆದು ಆ ಕೈಯಲ್ಲಿಟ್ಟೆ. ನವಲಗುಂದದಲ್ಲಿ ಬಸ್ಸು ಬರಿದಾದ ಮೇಲೆ ಡ್ರೈವರ್ ಗುಡದಪ್ಪ ಹಿಂದಿರುಗಿ ನೋಡಿ, "ಲೇ ಮಡಿವಾಳ್ಯಾ, ಈಗ ಯಾರಿಗೆ ಟಿಕೀಟ ಹರದಿ ಗೊತ್ತೈತೇನು? ನಿನ್ನ ಹೇಂತಿಗೆ!" ಎಂದ. ಅಷ್ಟರಲ್ಲಿ ಹುಬ್ಬಳ್ಳಿ ಬಸ್ಸು ಆಕೆಯನ್ನು ಹತ್ತಿಸಿಕೊಂಡು ಹೋಗಿಯೇಬಿಟ್ಟಿತ್ತು.

ಗುಡದಪ್ಪನೂ ಮಿಶ್ರಿಕೋಟಿಯವನೇ. ಆತ ಸೂಟಿಗೆ ಊರಿಗೆ ಹೋಗಿ ಬಂದವನು ಸುದ್ದಿ ತಂದ. ಆಕೆ ಆ ಟಿಕೀಟನ್ನು ಸೆರಗಿನಲ್ಲಿ ಗಂಟು ಹಾಕಿ ಇಟ್ಟುಕೊಂಡಿದ್ದಾಳಂತೆ. ಅದಕ್ಕಿಂತ ದೊಡ್ಡ ಸುದ್ದಿ ಎಂದರೆ, ಹೋದ ವರ್ಷ ಅಣ್ಣಿಗೇರಿಗೆ ಒಂದು ಲಗ್ನಕ್ಕೆ ಹೋದಾಗ, ನನ್ನ ಗಂಡ ಮರುಳಾದಾಕಿ ಹೆಂಗದಾಳ ನೋಡೂಣು ಎಂದು ಸೆರಗು ಬಿಗಿದು, ಖಾದರಬಿಯ ಆಡಿನ ಬೆನ್ನು ಹತ್ತಿ ಜಾಲಿಕಂಟಿಯಲ್ಲಿ ನುಗ್ಗಿ, ತಮ್ಮ ಆ ಬಾಜುವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ್ದಳಂತೆ! ಲೋಕದಲ್ಲಿ ಅದನ್ನು ಕಂಡವರು ನನ್ನ ಹೆಂಡತಿ ಒಬ್ಬಳೇ. ಗುಡದಪ್ಪನ ಹತ್ತಿರ ಆಕೆ ಹೇಳಿ ಕಳಿಸಿದ್ದು ಹೀಗೆ: "ಆ ಬಾಜು ಏನೇನೈತಿ ಎಲ್ಲಾ ಹೇಳ್ತೀನಂತ ಹೇಳ್ರಿ ಅಣ್ಣಾ. ಮನಿಗೂ ಬರ್ತೀನಿ. ಮೊದಲ ನನ್ನ ಮೂಗಬೊಟ್ಟು ಯಾವ ಬಾಜು ಐತಿ, ಅದನ್ನಷ್ಟ ಅವರು ಹೇಳಲಿ."

ಇಷ್ಟೇನಾ ಎಂದು ನಾನು ನಕ್ಕು, ಎಡಕ್ಕೆ ಎಂದು ಹೇಳಿ ಕಳಿಸಿದೆ. ಮುಂದಿನ ಸೂಟಿ ಮುಗಿಸಿ ಬಂದ ಗುಡದಪ್ಪ, "ಅಲ್ಲಂತ" ಎಂದ. ಹಾಗಾದರೆ ಬಲಕ್ಕೆ ಎಂದು ಕಳಿಸಿದೆ. "ಅದೂ ಅಲ್ಲಂತಪಾ" ಎಂದು ಬಂದ. ತಮ್ಮಂಥ ದೊಡ್ಡವರಿಗೂ ಇರುವುದು ಎರಡೇ ಬಾಜು. ಮೂಗಿಗೆ ಮೂರನೆಯ ಬಾಜೊಂದು ಇದ್ದರೆ ಅದು ನಮ್ಮ ಮಾವನವರ ಮನೆತನದಲ್ಲಿ ಮಾತ್ರ ಇರಬೇಕು. ಲಗ್ನದ ಫೋಟೋ ತೆಗೆದು ನೋಡಿದರೆ, ಬಾಸಿಂಗದ ಗೊಂಡೆ ಆಕೆಯ ಮೂಗಿಗೆ ಅಡ್ಡ ಬಂದಿದೆ. ನನ್ನ ಮೂಗು ಮಾತ್ರ ಪೂರ್ತಿ ಕಾಣುತ್ತದೆ.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ವಿನಂತಿಗಳಿವೆ. ದೇಶದ ಸರಕು ಸಾಗಣೆಯ ಭಾರ ತಮ್ಮ ಹೆಗಲ ಮೇಲಿದೆ ಎಂಬುದನ್ನು ಬಲ್ಲೆ. ಆದರೂ ಒಂದೇ ಒಂದು ರವಿವಾರದ ಮಟ್ಟಿಗೆ ಅಣ್ಣಿಗೇರಿಗೆ ದಯಮಾಡಿಸಿ, ಮಗ್ಗುಲು ಬದಲಿಸಿ ನಿಲ್ಲುವ ಕೃಪೆ ಮಾಡಬೇಕು. ತಾವು ಬರಲಾಗದಿದ್ದರೆ ಆ ಬಾಜುವನ್ನಷ್ಟೇ ಬಿಚ್ಚಿ ಪಾರ್ಸಲ್ ಮಾಡಿದರೂ ಸಾಕು, ನೋಡಿದ ಕೂಡಲೇ ಮರಳಿ ಕಳಿಸುತ್ತೇನೆ. ಅದೂ ಆಗದಿದ್ದರೆ, ಅಂದು ಗೋಡೆಯ ಸಂದಿಯಲ್ಲಿ ನನ್ನ ಹೆಂಡತಿಯ ಮೋರೆಯನ್ನು ಗೇಣು ದೂರದಿಂದ ಕಂಡವರು ತಾವು, ಆಕೆಯ ಮೂಗುಬೊಟ್ಟು ಯಾವ ಬಾಜುವಿಗಿತ್ತೆಂದು ಒಂದು ಸಾಲು ತಿಳಿಸಬೇಕು. ನಾನು ಕೇಳುವುದು ತಮಗೆ ವಿಚಿತ್ರವೆನ್ನಿಸಬಹುದು. ರೊಟ್ಟಿ ಬಡಿಯುವ ಸಪ್ಪಳವಿಲ್ಲದ ಮನೆಯಲ್ಲಿ ಒಬ್ಬನೇ ಕುಳಿತರೆ ಎಂಥೆಂಥದನ್ನೋ ಕೇಳಬೇಕೆನ್ನಿಸುತ್ತದೆ. ನನಗೆ ಆಕೆ ಮರಳಿ ಬರಬೇಕು, ಮಾನ್ಯರೇ. ತಮ್ಮ ಆ ಬಾಜು ಬೇಕೆಂದು ಅಲ್ಲ. ಅದೂ ಬೇಕು, ಆದರೆ ಆಮೇಲೆ.

ಒಂದೇ ಬಾಜು ಬಲ್ಲ, ಅದನ್ನೇ ಪೂರ್ತಿ ಎಂದು ನಂಬಿದ್ದ
ತಮ್ಮ ವಿಶ್ವಾಸಿ,
ಮಡಿವಾಳೆಪ್ಪ, ಕಂಡಕ್ಟರ್

ತಾ.ಕ.: ಸಹಿ ಮಾಡಿದ ಮೇಲೆ ತಮ್ಮ ಪ್ರತಿರೂಪವನ್ನು ತೊಡೆಯ ಮೇಲಿಟ್ಟುಕೊಂಡು ಧೂಳು ಒರೆಸುತ್ತಿದ್ದೆ. ಸಿಟ್ಟಿನಲ್ಲಿ ಸ್ವಲ್ಪ ಬಿರುಸಾಗಿಯೇ ಒರೆಸಿರಬೇಕು. ಚಿಲಕದ ಗುಂಡು ಮೊಳೆಯ ಹುರಮಂಜು ಕಿತ್ತು ಬಂದು, ಒಳಗೆ ಹಳದಿ ಹೊಳೆಯಿತು. ಉಗುರಿನಿಂದ ಕೆರೆದು ನೋಡಿದರೆ ಬಂಗಾರ! ಎರಡು ವರ್ಷದ ಕೆಳಗೆ ಮಹಾದೇವಕ್ಕ ತಿರುಪು ಸಡಿಲಾದ ತನ್ನ ಮೂಗುಬೊಟ್ಟನ್ನು ಚೀಟಿಯಲ್ಲಿ ಸುತ್ತಿ, "ಅಣ್ಣಿಗೇರಿ ಪತ್ತಾರನ ಕಡೆ ಬಿಗಿ ಮಾಡಿಸ್ಕೊಂಡು ಬರ್ರಿ" ಎಂದು ನನ್ನ ಕಿಸೆಗೆ ಹಾಕಿದ್ದಳು. ಪತ್ತಾರನ ಅಂಗಡಿ ಹಾದಿಯಲ್ಲೇ ಇತ್ತು, ಆದರೆ ನನಗೆ ತಮ್ಮ ಕಡೆ ಬರುವ ಗಡಿಬಿಡಿ. ಚೀಟಿ ಬಿಚ್ಚಿಹೋಗಿ, ಕಿಸೆಯಲ್ಲಿದ್ದ ಪಂಚಿನ ಚುಕ್ಕೆಗಳ ಸಂಗಡ ಅದೂ ತಂಬಾಕಿನ ಡಬ್ಬಿ ಸೇರಿರಬೇಕು. "ಪತ್ತಾರ ಏನಂದ್ರಿ?" ಎಂದು ಆಕೆ ಕೇಳಿದಾಗಲೆಲ್ಲ ನಾನು "ಹೂಂ, ಆಕ್ಕೈತಿ" ಎಂದಿದ್ದೆ. ಆಮೇಲೆ ಆಕೆ ಕೇಳುವುದನ್ನೇ ಬಿಟ್ಟಳು. ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ ಎಂದದ್ದು ಖರೇ. ಅಂದಿನಿಂದ ಆಕೆಯ ಮೂಗು ಬರಿದಾಗಿಯೇ ಇತ್ತು, ಮತ್ತು ನಾನು ದಿನಾಲು ಎದುರಿಗೆ ಕುಳಿತು ರೊಟ್ಟಿ ಉಂಡಿದ್ದೇನೆ.

ನಾಳೆ ರವಿವಾರ. ಅಣ್ಣಿಗೇರಿಗೆ ಅಲ್ಲ, ಮಿಶ್ರಿಕೋಟಿಗೆ ಹೊರಟಿದ್ದೇನೆ. ತಮ್ಮ ಪ್ರತಿರೂಪವನ್ನು ಧೋತರದಲ್ಲಿ ಸುತ್ತಿ ಒಯ್ಯುತ್ತೇನೆ, ಚಿಲಕ ಕೀಳುವ ಕೆಲಸ ಆಕೆಯದು. ಕೀಳುವಾಗ ಈ ಬಾಜುವೂ ಹಾಳಾದರೆ ಆಗಲಿ. ಮೇಲಿನ ವಿನಂತಿಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನನ್ನ ಹೆಂಡತಿಯ ಬಂಗಾರ ಇಟ್ಟುಕೊಂಡು ನಮ್ಮ ಮನೆಯ ಮಾಡದಲ್ಲಿ ತಾವು ಮೆರೆದದ್ದು ಸಾಕು. ಇನ್ನು ಮುಂದೆ ಅಣ್ಣಿಗೇರಿಗೆ ಬರುವುದಾದರೆ, ಮಾನ್ಯರೇ, ದಯವಿಟ್ಟು ನನ್ನ ಬಸ್ಸು ಹೊರಟ ಮೇಲೆ ಬನ್ನಿ.